ಒಂದೂ ದೂರು ಇಲ್ಲದ ಕ್ಯಾಂಪಸ್ ಸುರಕ್ಷಿತ ಕ್ಯಾಂಪಸ್ಸೇ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಮಗಳು ಈ ವರ್ಷ ರಾಯಚೂರು ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸೇರಿದ್ದಾಳೆ. ಕ್ಯಾಂಪಸ್ ಊರಾಚೆ ಇದೆ. ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿದೆ. ಸೇರಿಸುವಾಗ ಸುರಕ್ಷತೆ ಬಗ್ಗೆ ಕೇಳಿದ್ದಕ್ಕೆ "ನಮ್ಮಲ್ಲಿ ಇಲ್ಲಿವರೆಗೆ ಒಂದೂ ಕೇಸ್ ಆಗಿಲ್ಲ" ಎಂದರು. ಆದರೆ ಮೊನ್ನೆ ಹಾಸ್ಟೆಲ್‌ನಲ್ಲಿ ಇಬ್ಬರ ಮೊಬೈಲ್ ಕಳವಾಯಿತಂತೆ. ಬಸ್ ಸ್ಟಾಪ್ ಹತ್ತಿರ ಬೈಕಿನ ಹುಡುಗರ ಕಾಟವೂ ಇದೆಯಂತೆ. ಇದನ್ನು ಮಗಳು ಹೇಳಲಿಲ್ಲ, ಅವಳ ಗೆಳತಿಯ ತಾಯಿ ಹೇಳಿದರು. ಮನೆಯಲ್ಲಿ "ವಾಪಸ್ ಕರೆಸು" ಎನ್ನುತ್ತಿದ್ದಾರೆ. ನನಗೆ ಓದಿಸುವ ಆಸೆ. ಕ್ಯಾಂಪಸ್ ಸುರಕ್ಷಿತವೋ ಅಲ್ಲವೋ ಎಂದು ನನ್ನಂಥವಳು ತಿಳಿಯುವುದು ಹೇಗೆ? ಏನಾದರೂ ಆದರೆ ಯಾರ ಹತ್ತಿರ ಹೋಗಬೇಕು?

ಉತ್ತರ: ಅಕ್ಕಾ, ಮಗಳನ್ನು ವಾಪಸ್ ಕರೆಸಬೇಡಿ. ಕರೆಸುತ್ತೇವೆ ಎಂದು ಹೆದರಿಸಲೂ ಬೇಡಿ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಮೊಬೈಲ್ ಕಳವೂ ಅಲ್ಲ, ಬೈಕಿನ ಹುಡುಗರೂ ಅಲ್ಲ. "ಮಗಳು ಹೇಳಲಿಲ್ಲ" ಎಂಬ ಎರಡು ಪದ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು "ಒಂದೂ ಕೇಸ್ ಆಗಿಲ್ಲ" ಎಂಬ ಮಾತನ್ನು ನೋಡೋಣ. ನಾನು ವಕೀಲೆ. ಈ ಭಾಗದ ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ದೂರು ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂರುತ್ತಾ ಬಂದಿದ್ದೇನೆ. ಈ ಮಾತನ್ನು ಹೆಮ್ಮೆಯಿಂದ ಹೇಳುವ ಆಡಳಿತದವರನ್ನು ತುಂಬಾ ಜನ ಕಂಡಿದ್ದೇನೆ. ಸಾವಿರಾರು ಹುಡುಗ ಹುಡುಗಿಯರು ಇರುವ ಜಾಗದಲ್ಲಿ ವರ್ಷಗಟ್ಟಲೆ ಒಂದೂ ದೂರು ಬಂದಿಲ್ಲ ಎಂದರೆ ಅಲ್ಲಿ ಏನೂ ನಡೆದಿಲ್ಲ ಎಂದು ನಾನು ನಂಬುವುದಿಲ್ಲ. ಹೇಳಿಕೊಳ್ಳಲು ಜಾಗ ಇಲ್ಲ, ಇಲ್ಲವೇ ಹೇಳಿದರೆ ಪ್ರಯೋಜನ ಇಲ್ಲ ಎಂದು ಮಕ್ಕಳು ತೀರ್ಮಾನಿಸಿದ್ದಾರೆ ಎಂದುಕೊಳ್ಳುತ್ತೇನೆ. ವರ್ಷಕ್ಕೆ ನಾಲ್ಕೈದು ದೂರು ಬಂದು, ವಿಚಾರಣೆ ನಡೆದು, ಕ್ರಮ ಆದ ಕ್ಯಾಂಪಸ್ ಇದೆಯಲ್ಲ, ನನ್ನ ಮಗಳನ್ನಾದರೆ ಅಲ್ಲಿಗೇ ಕಳಿಸುತ್ತೇನೆ.

ಈ ವಿಷಯಕ್ಕೆ ಅಮೆರಿಕದಲ್ಲಿ ಒಂದು ಕಾನೂನೇ ಬಂತು. ತಂದವರು ನಿಮ್ಮಂಥ ತಂದೆತಾಯಿ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹಾಯ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿಯ ಕೊಲೆಯಾಯಿತು. ತಾನಾಗೇ ಬೀಗ ಬೀಳುವ ಬಾಗಿಲುಗಳಿಗೆ ಯಾರೋ ಅಡ್ಡ ಇಟ್ಟು ತೆರೆದೇ ಬಿಟ್ಟಿದ್ದರು. ಕೊಂದವನು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆ ಕ್ಯಾಂಪಸ್‌ನಲ್ಲಿ ಅದಕ್ಕೂ ಮುಂಚೆ ಹಿಂಸೆಯ ಘಟನೆಗಳು ಬೇಕಾದಷ್ಟು ನಡೆದಿದ್ದವು, ಪೋಷಕರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಇದು ತಿಳಿದ ಮೇಲೆ ಅಪ್ಪ ಅಮ್ಮ ಸುಮ್ಮನೆ ಕೂರಲಿಲ್ಲ. 1990ರಲ್ಲಿ ಕಾನೂನು ಬಂತು. ಅಲ್ಲಿನ ವಿಶ್ವವಿದ್ಯಾಲಯಗಳು ಈಗ ಪ್ರತಿ ವರ್ಷ ತಮ್ಮಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಎಲ್ಲರ ಮುಂದೆ ಇಡಲೇಬೇಕು.

ಕಳ್ಳತನದಿಂದ ಹಿಡಿದು ಹಲ್ಲೆವರೆಗೆ ಎಲ್ಲವನ್ನೂ ಕ್ಯಾಂಪಸ್‌ವಾರು ಬಿಚ್ಚಿಡಿ ಎನ್ನುವ ಅಂಥ ಕಾನೂನು ನಮ್ಮಲ್ಲಿಲ್ಲ. ಹಾಗಂತ ಕೈಯಲ್ಲಿ ಏನೂ ಇಲ್ಲ ಎಂದಲ್ಲ. ಲೈಂಗಿಕ ಕಿರುಕುಳದ ವಿಷಯದಲ್ಲಿ 2013ರ ಕಾಯ್ದೆ ಇದೆ. ಎಷ್ಟು ದೂರು ಬಂತು, ಎಷ್ಟು ಇತ್ಯರ್ಥವಾಯಿತು ಎಂದು ಸಮಿತಿ ಪ್ರತಿ ವರ್ಷ ವರದಿ ಕೊಡಬೇಕು. ದೂರು ಕೊಟ್ಟವರ ಹೆಸರು ಗುಟ್ಟಾಗಿರಬೇಕು ನಿಜ. ದೂರುಗಳ ಸಂಖ್ಯೆ ಗುಟ್ಟಲ್ಲ. ಅದನ್ನು ನೀವು ಕೇಳಬಹುದು, ಹೇಗೆ ಅಂತ ಕೊನೆಗೆ ಹೇಳುತ್ತೇನೆ.

ಈಗ ಆ ಎರಡು ಪದಕ್ಕೆ ಬರೋಣ. ಒಂದು ಕಾಲೇಜಿನಲ್ಲಿ ಒಬ್ಬ ಹುಡುಗಿಯ ದೂರು ನಮ್ಮ ಮುಂದೆ ಬಂತು. ಬಸ್ ಸ್ಟಾಪಿನಿಂದ ಗೇಟಿನವರೆಗೆ ಒಬ್ಬ ದಿನಾ ಬೈಕಿನಲ್ಲಿ ಹಿಂದೆ ಬರುತ್ತಿದ್ದ. ನಂಬರ್ ಹೇಗೋ ಸಿಕ್ಕಿ, ರಾತ್ರಿ ಮೆಸೇಜ್ ಕಳಿಸುತ್ತಿದ್ದ. ಇಡೀ ಸೆಮಿಸ್ಟರ್ ಹೀಗೇ ನಡೆದಿತ್ತು. ಅವಳು ರೂಮ್‌ಮೇಟ್‌ಗೆ ಹೇಳಿದ್ದಳು, ಲೈಬ್ರರಿಯ ಅಟೆಂಡರ್ ಅಕ್ಕನಿಗೂ ಹೇಳಿದ್ದಳು. ಮನೆಗೆ ಮಾತ್ರ ಹೇಳಿರಲಿಲ್ಲ. ಯಾಕಮ್ಮಾ ಎಂದು ಕೇಳಿದೆ. ತಲೆ ತಗ್ಗಿಸಿಕೊಂಡು, ದುಪಟ್ಟಾದ ತುದಿ ಸುತ್ತುತ್ತಾ ಅಂದಳು: "ಹೇಳಿದ್ರ ಊರಿಗೆ ಕರಕೊಂಡು ಹೋಗ್ತಾರ್ರಿ ಮೇಡಂ. ಆಮ್ಯಾಲೆ ಮದುವಿ ಮಾಡ್ತಾರ." ಅವನಿಗಿಂತ ಅವಳಿಗೆ ಮನೆಯವರ ಭಯ ಜಾಸ್ತಿ ಇತ್ತು. ಇದು ಅವನಿಗೂ ಗೊತ್ತಿತ್ತು. "ನಿಮ್ಮಪ್ಪಗ ಹೇಳ್ಲೇನು?" ಎಂದು ಅವನೇ ಅವಳನ್ನು ಹೆದರಿಸುತ್ತಿದ್ದ.

ಇದನ್ನು ಸಮಿತಿಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ್ದೇನೆ. ಕಾಟ ಕೊಡುವವನಿಗೆ ಸಿಗುವ ದೊಡ್ಡ ಬಲ ಹುಡುಗಿಯ ಮನೆಯಿಂದಲೇ ಸಿಗುತ್ತದೆ. ಓದು ನಿಂತುಹೋಗುತ್ತದೆ ಎಂಬ ಹೆದರಿಕೆ ಇರುವವರೆಗೆ ಅವಳು ಬಾಯಿ ಬಿಡುವುದಿಲ್ಲ. ಹಾಗಾಗಿ ಈ ವಾರವೇ ಮಗಳಿಗೆ ಫೋನ್ ಮಾಡಿ. ಗೆಳತಿಯ ತಾಯಿ ಹೇಳಿದ್ದನ್ನು ಹಿಡಿದು ಜಗ್ಗಬೇಡಿ. "ಏನೇ ಆದರೂ ನಿನ್ನ ಓದು ನಿಲ್ಲಿಸುವುದಿಲ್ಲ, ಅದರ ಬಗ್ಗೆ ಮಾತೇ ಇಲ್ಲ. ಏನಿದ್ದರೂ ನನಗೆ ಹೇಳು" ಎಂದು ಇಷ್ಟೇ ಬಾಯಿ ಬಿಟ್ಟು ಹೇಳಿ. ಮನಸ್ಸಿನಲ್ಲಿ ಇದ್ದರೆ ಸಾಲದು, ಅವಳ ಕಿವಿಗೆ ಬೀಳಬೇಕು. ಆಗುವುದಾದರೆ ಅವಳಪ್ಪನ ಬಾಯಿಂದಲೂ ಹೇಳಿಸಿ.

ಕ್ಯಾಂಪಸ್ ಹೇಗಿದೆ ಎಂದು ತಿಳಿಯಲು ಅಡ್ಮಿಷನ್ ದಿನ ಸಾಲದು. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಹೋಗಿರುತ್ತೀರಿ, ಎಲ್ಲಾ ಕಡೆ ಜನ ಇರುತ್ತಾರೆ. ಇನ್ನೊಮ್ಮೆ ಹೋಗಿ, ಸಂಜೆ ಹೊತ್ತು. ಮಗಳು ಲೈಬ್ರರಿ ಅಥವಾ ಲ್ಯಾಬ್ ಮುಗಿಸಿ ಹಾಸ್ಟೆಲ್‌ಗೆ ಬರುವ ವೇಳೆಗೆ, ಅವಳ ಜೊತೆ ಅದೇ ದಾರಿಯಲ್ಲಿ ನಡೆಯಿರಿ. ಡಿಸೆಂಬರ್‌ನಲ್ಲಾದರೆ ಆರೂವರೆಗೇ ಪೂರಾ ಕತ್ತಲು.

ನಮ್ಮ ಕಡೆಯ ಹೊಸ ವಿಶ್ವವಿದ್ಯಾಲಯಗಳು ಹೇಗೆ ಬಂದವು ಎಂದು ಗೊತ್ತಿದ್ದರೆ ಈ ದಾರಿಯ ಕಷ್ಟ ಅರ್ಥವಾಗುತ್ತದೆ. ಬಳ್ಳಾರಿಯದು 2010ರಲ್ಲಿ ಶುರುವಾಯಿತು, ಅದಕ್ಕೂ ಮುಂಚೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ರಾಯಚೂರಿನದೂ ಹಾಗೇ, ಮಂತ್ರಾಲಯ ರಸ್ತೆಯ ಯರಗೇರಾದಲ್ಲಿ ಕೇಂದ್ರವಾಗಿದ್ದದ್ದು ಆಮೇಲೆ ವಿಶ್ವವಿದ್ಯಾಲಯವಾಯಿತು. ಕೊಪ್ಪಳದ್ದು ಇನ್ನೂ ಎಳೆಯದು. ಊರ ಹೊರಗೆ ದೊಡ್ಡ ಜಾಗ ಸಿಗುತ್ತದೆ, ಮೊದಲು ಕ್ಲಾಸ್‌ರೂಮ್ ಕಟ್ಟುತ್ತಾರೆ. ದೀಪ, ಕಂಪೌಂಡ್, ಒಳಗಿನ ರಸ್ತೆ ಹಿಂದೆ ಬೀಳುತ್ತವೆ. ನಾನು ಹೋದ ಹಲವು ಕಡೆ ಹೀಗೇ ಕಂಡಿದೆ.

ನಡೆಯುವಾಗ ದೀಪದ ಕಂಬ ಎಣಿಸಬೇಡಿ, ಉರಿಯುವ ದೀಪ ಎಣಿಸಿ. ಒಂದು ದೀಪದ ಬೆಳಕು ಮುಗಿದು ಇನ್ನೊಂದು ಶುರುವಾಗುವ ನಡುವೆ ಎದುರು ಬರುವವರ ಮುಖ ಕಾಣುತ್ತದೆಯೇ ನೋಡಿ. ಕರೆಂಟ್ ಹೋದಾಗ ಎಷ್ಟು ದೀಪ ಉಳಿಯುತ್ತವೆ ಎಂದು ಕೇಳಿ. ದಾರಿಯ ಎರಡೂ ಬದಿ ಬಳ್ಳಾರಿ ಜಾಲಿ ಬೆಳೆದಿದೆಯೇ ನೋಡಿ. ಈ ಜಾಲಿ ನಮ್ಮ ಕಡೆ ನೀರು ಹಾಕದಿದ್ದರೂ ಬೆಳೆಯುತ್ತದೆ. ಒಂದೆರಡು ವರ್ಷ ಕಡಿಯದೆ ಬಿಟ್ಟರೆ ಆಳೆತ್ತರ ದಾಟುತ್ತದೆ. ಹಿಂದೆ ಒಬ್ಬ ನಿಂತರೂ ಕಾಣುವುದಿಲ್ಲ. ಕಂಪೌಂಡ್ ಒಡೆದಿದ್ದರೆ ಅದನ್ನೂ ಮುಚ್ಚುತ್ತದೆ. ಹಾಸ್ಟೆಲ್ ದಾರಿಯ ಜಾಲಿ ಕಡಿಸುವುದು ಜೆಸಿಬಿಗೆ ಒಂದು ದಿನದ ಕೆಲಸ. ಕ್ಯಾಮೆರಾಗಳಿಗೆ ಲಕ್ಷಗಟ್ಟಲೆ ಸುರಿಯುವ ಕಡೆ ಈ ಕೆಲಸ ಆಗದೆ ಉಳಿದದ್ದನ್ನು ಕಂಡು ನನಗೆ ನಿಜವಾಗಲೂ ಸಿಟ್ಟು ಬಂದಿದೆ.

ಕ್ಯಾಮೆರಾ ಬೇಡ ಎನ್ನುತ್ತಿಲ್ಲ. ಅದು ಆದದ್ದನ್ನು ತೋರಿಸುತ್ತದೆ, ಆಗುವುದನ್ನು ನಿಲ್ಲಿಸುವುದು ಕಡಿಮೆ. ತೋರಿಸಲಿಕ್ಕೂ ಒಂದು ಗಡುವಿದೆ. ಹೊಸ ರೆಕಾರ್ಡಿಂಗ್ ಬಂದಂತೆ ಹಳೆಯದು ತಾನಾಗೇ ಅಳಿಸಿಹೋಗುತ್ತದೆ. ಏನಾದರೂ ಆದರೆ ಅವತ್ತೇ "ಇಂಥ ದಿನದ, ಇಂಥ ಹೊತ್ತಿನ ರೆಕಾರ್ಡಿಂಗ್ ತೆಗೆದಿಡಿ" ಎಂದು ಕುಲಸಚಿವರಿಗೆ ಬರೆದುಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಬೇಕು. ತಿಂಗಳು ಬಿಟ್ಟು ಕೇಳಿದರೆ "ಇಲ್ಲ" ಎನ್ನುತ್ತಾರೆ, ಅದು ಸುಳ್ಳೂ ಆಗಿರುವುದಿಲ್ಲ.

ಗೇಟಿನ ಹೊರಗಿನ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಸ್ ಎಲ್ಲಿ ನಿಲ್ಲುತ್ತದೆ, ಗೇಟಿನ ಎದುರೋ, ಅಲ್ಲಿಂದ ಆಚೆಗೋ? ಕೊನೆಯ ಬಸ್ ಎಷ್ಟು ಹೊತ್ತಿಗೆ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಆದರೆ ಬಸ್ಸು ಗೇಟಿನ ಮುಂದೆ ನಿಲ್ಲದಿದ್ದರೆ ಆ ಉಳಿದ ದಾರಿಯಲ್ಲೇ ಕಾಟ ಇರುತ್ತದೆ. ಗೇಟಿನ ಎದುರು ನಿಲುಗಡೆ ಕೊಡಿ ಎಂದು ಡಿಪೋ ಮ್ಯಾನೇಜರ್‌ಗೆ ವಿದ್ಯಾರ್ಥಿಗಳೆಲ್ಲ ಸಹಿ ಮಾಡಿ ಅರ್ಜಿ ಕೊಡಬಹುದು. ದೀಪ, ಮಹಿಳಾ ಸೆಕ್ಯುರಿಟಿ, ಓಡಾಟಕ್ಕೆ ನಂಬಬಹುದಾದ ವಾಹನ ವ್ಯವಸ್ಥೆ, ಇವೆಲ್ಲ ಇರಬೇಕು ಎಂದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಗಳೇ ಹೇಳುತ್ತವೆ. ಕೇಳುವುದು ದಯೆಗಾಗಿ ಅಲ್ಲ.

ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಪೋಷಕರು ಅದನ್ನು ಗಮನಿಸುವುದೇ ಇಲ್ಲ. ಸುರಕ್ಷತೆಯ ಹೆಸರಲ್ಲಿ ಹುಡುಗರ ಹಾಸ್ಟೆಲ್‌ಗೆ ಇಲ್ಲದ ನಿರ್ಬಂಧವನ್ನು ಹುಡುಗಿಯರ ಹಾಸ್ಟೆಲ್‌ಗೆ ಹೇರುವಂತಿಲ್ಲ. "ಆರು ಗಂಟೆಗೇ ಗೇಟ್ ಹಾಕ್ತೀವ್ರೀ" ಎಂದು ವಾರ್ಡನ್ ಹೇಳಿದಾಗ ನಮಗೆ ಸಮಾಧಾನ ಆಗುತ್ತದೆ, ಅಲ್ವಾ? ಆದರೆ ಬಸ್ ತಪ್ಪಿ ಆರೂಕಾಲಿಗೆ ಬಂದ ಹುಡುಗಿ ಬೈಗುಳಕ್ಕೆ ಹೆದರಿ ಗೇಟಿನ ಹೊರಗೇ ನಿಲ್ಲುತ್ತಾಳೆ. ಇಲ್ಲವೇ ಯಾರದೋ ಬೈಕ್ ಹತ್ತಿ ಬರುತ್ತಾಳೆ, ಅದನ್ನು ಮುಚ್ಚಿಡುತ್ತಾಳೆ. ತಡವಾಗಿ ಬಂದವಳನ್ನು ಮೊದಲು ಒಳಗೆ ಕರೆದುಕೊಂಡು ಆಮೇಲೆ ಪ್ರಶ್ನೆ ಕೇಳುವ ವಾರ್ಡನ್ ಇದ್ದರೆ ನಿಮ್ಮ ಮಗಳು ಪುಣ್ಯವಂತೆ.

ಹೋದ ದಿನವೇ ನೋಟಿಸ್ ಬೋರ್ಡ್ ಹತ್ತಿರವೂ ಹೋಗಿ. ಆಂತರಿಕ ದೂರು ಸಮಿತಿಯ ಹೆಸರು, ಫೋನ್ ನಂಬರ್ ಇರುವ ಫಲಕ ಎಲ್ಲರಿಗೂ ಕಾಣುವಂತೆ ಇರಬೇಕು. ಒಂದು ಕಡೆ ನಾನು ಕಂಡ ಫ್ಲೆಕ್ಸ್ ಬಿಸಿಲಿಗೆ ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ಮೊದಲ ಹೆಸರು ನಿವೃತ್ತರಾದ ಪ್ರೊಫೆಸರ್ ಒಬ್ಬರದು, ನಂಬರಿನ ಕೊನೆಯ ಅಂಕಿಗಳು ಕಾಣುತ್ತಿರಲಿಲ್ಲ. ಅಂಥ ಫಲಕ ಕಂಡರೆ ಅಲ್ಲಿ ಸಮಿತಿ ಕಾಗದದ ಮೇಲಿದೆ ಎಂದು ತಿಳಿಯಿರಿ. ಫಲಕ ಚೆನ್ನಾಗಿದ್ದರೆ ಹೆಸರುಗಳನ್ನು ಓದಿ. ಅಧ್ಯಕ್ಷರು ಹಿರಿಯ ಪ್ರಾಧ್ಯಾಪಕಿಯಾಗಿರಬೇಕು. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು ಇರಬೇಕು. ಹೊರಗಿನ ಒಬ್ಬರು ಇರಬೇಕು. ವಿದ್ಯಾರ್ಥಿಗಳ ವಿಷಯ ಬಂದಾಗ ಮೂವರು ವಿದ್ಯಾರ್ಥಿಗಳೂ ಕೂರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸಮಿತಿಯಲ್ಲಿ ಇರುವಂತಿಲ್ಲ. ಮಾರ್ಕ್ಸ್ ಕೊಡುವವರ, ಆಡಳಿತ ನಡೆಸುವವರ ಮುಖ ನೋಡಿಕೊಂಡು ಯಾವ ಹುಡುಗಿ ಸತ್ಯ ಹೇಳುತ್ತಾಳೆ?

ದೂರು ಲಿಖಿತವಾಗಿ, ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಆ ನಡುವೆ, ಆರೋಪ ಇರುವವರು ಅವಳ ಉತ್ತರ ಪತ್ರಿಕೆ ನೋಡುವವರೋ ಗೈಡ್ ಆಗಿರುವವರೋ ಆದರೆ, ಅವರನ್ನು ಆ ಕೆಲಸದಿಂದ ದೂರ ಇಡಿ ಎಂದು ಕೇಳಬಹುದು. ಎಂ.ಎಸ್ಸಿ. ಮಕ್ಕಳಿಗೆ ಪ್ರಾಜೆಕ್ಟ್ ಇರುವುದರಿಂದ ಇದು ಬಹಳ ಮುಖ್ಯ. "ರಾಜಿ ಮಾಡ್ಕೊಂಡು ಬಿಡ್ರಿ" ಎಂದು ಯಾರೂ ಒತ್ತಾಯ ಮಾಡುವಂತಿಲ್ಲ. ರಾಜಿ ಬೇಕು ಎಂದು ದೂರು ಕೊಟ್ಟವಳೇ ಕೇಳಿದರೆ ಮಾತ್ರ, ಅದೂ ದುಡ್ಡಿನ ಮಾತಿಲ್ಲದೆ. ಕಾಟ ಕೊಡುವವನು ಹೊರಗಿನವನಾದರೂ ಸಮಿತಿ ಕೈ ತೊಳೆದುಕೊಳ್ಳುವಂತಿಲ್ಲ, ಪೊಲೀಸರಿಗೆ ದೂರು ಕೊಡಲು ವಿಶ್ವವಿದ್ಯಾಲಯ ನೆರವಾಗಬೇಕು.

ರ‍್ಯಾಗಿಂಗ್ ಬೇರೆ ವಿಷಯ, ಅದಕ್ಕೆ ಬೇರೆ ಸಮಿತಿ ಇದೆ. ಯುಜಿಸಿಯ 1800-180-5522 ನಂಬರ್ ಹಗಲು ರಾತ್ರಿ ನಡೆಯುತ್ತದೆ. ಮಗಳ ಫೋನಿನಲ್ಲಿ ಸೇವ್ ಮಾಡಿಸಿ. ಜೊತೆಗೆ 112 ಮತ್ತು ಮಹಿಳಾ ಸಹಾಯವಾಣಿ 181.

ಬೈಕಿನ ಹುಡುಗರ ವಿಷಯ ಪೊಲೀಸರದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹುಡುಗಿ ಬೇಡ ಎಂದಮೇಲೂ ಪದೇ ಪದೇ ಬೆನ್ನು ಹತ್ತುವುದು, ಫೋನು ಮೆಸೇಜುಗಳಲ್ಲಿ ಕಾಡುವುದು 78ನೇ ಕಲಂನಲ್ಲಿ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಅಸಭ್ಯ ಮಾತು, ಸನ್ನೆಗೆ 79ನೇ ಕಲಂ ಇದೆ. ಮಗಳು ಬೈಕಿನ ನಂಬರ್, ದಿನಾಂಕ, ಹೊತ್ತು, ಜಾಗ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೆಸೇಜ್ ಅಳಿಸುವುದು ಬೇಡ. ಅಸಹ್ಯ ಅನ್ನಿಸಿ ಬಹಳ ಮಕ್ಕಳು ಅಳಿಸಿಬಿಡುತ್ತಾರೆ, ಸಾಕ್ಷಿ ಅಲ್ಲಿಗೇ ಹೋಗುತ್ತದೆ.

ನೀವು ಕುಷ್ಟಗಿಯಲ್ಲಿದ್ದೀರಿ, ಘಟನೆ ರಾಯಚೂರು ಕಡೆಯದು. "ಇದು ನಮ್ಮ ಠಾಣೆಗೆ ಬರಲ್ಲ" ಎಂದು ಯಾವ ಠಾಣೆಯೂ ವಾಪಸ್ ಕಳಿಸುವಂತಿಲ್ಲ. ಎಲ್ಲಿ ನಡೆದರೂ ನಿಮ್ಮ ಊರಿನ ಠಾಣೆಯಲ್ಲೇ ದೂರು ಕೊಡಬಹುದು, ಅವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಇದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. ಇ-ಮೇಲ್ ಮೂಲಕವೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು ಅಷ್ಟೇ. ಇಂಥ ಪ್ರಕರಣಗಳಲ್ಲಿ ಹುಡುಗಿ ಹೇಳುವುದನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲು ಮಾಡಿಕೊಳ್ಳದಿದ್ದರೆ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

ಇನ್ನು ಮೊಬೈಲ್ ಕಳವು. ನಮ್ಮ ಕಡೆ ಬೇಸಿಗೆಯಲ್ಲಿ ಹಾಸ್ಟೆಲ್ ಕೋಣೆ ಒಲೆಯಂತೆ ಕಾಯುತ್ತದೆ. ರಾತ್ರಿ ಬಾಗಿಲು ತೆಗೆದು ಮಲಗುತ್ತಾರೆ, ಫೋನು ಕಿಟಕಿ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗೆ ಇರುತ್ತದೆ. ಬೆಳಗಿನ ಜಾವ ಕೈ ಹಾಕಿ ಎತ್ತಿಕೊಂಡು ಹೋಗುವುದು ಸುಲಭ. ಬಾಗಿಲು ಹಾಕಿಕೊಳ್ಳಿ ಎಂದು ಮಕ್ಕಳಿಗೆ ಬುದ್ಧಿ ಹೇಳಿದರೆ ಸಾಲದು. ಕಿಟಕಿಗೆ ಜಾಲರಿ, ಸರಿಯಾಗಿ ತಿರುಗುವ ಫ್ಯಾನು, ಕರೆಂಟ್ ಹೋದರೆ ಇನ್ವರ್ಟರ್, ಇಷ್ಟು ಕೊಟ್ಟರೆ ಅವರೇ ಬಾಗಿಲು ಹಾಕಿಕೊಳ್ಳುತ್ತಾರೆ. ಮಗಳ ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಅದನ್ನು ನೀವೂ ಬರೆದಿಟ್ಟುಕೊಳ್ಳಿ. ಕಳೆದರೆ ಪೊಲೀಸ್ ದೂರಿನ ಪ್ರತಿ, ಈ ನಂಬರ್ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಫೋನನ್ನು ಬ್ಲಾಕ್ ಮಾಡಿಸಬಹುದು. ಸಿಮ್ ಅನ್ನು ಮೊದಲು ಬಂದ್ ಮಾಡಿಸಿ, ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು.

ಆನ್‌ಲೈನ್ ಮೋಸದ ಬಗ್ಗೆ ಎರಡೇ ಮಾತು. ಸ್ಕಾಲರ್‌ಶಿಪ್ ಹಣ ಬಂದಿದೆ ಓಟಿಪಿ ಹೇಳು ಎಂದು ಬರುವ ಕರೆಗೆ ಉತ್ತರ ಕೊಡುವುದು ಬೇಡ. ಯಾರಾದರೂ "ನಿನ್ನ ಬ್ಯಾಂಕ್ ಅಕೌಂಟ್ ಕೊಡು, ಕಮಿಷನ್ ಕೊಡ್ತೀನಿ" ಎಂದರೆ ಅದು ಅಪರಾಧದ ಹಣ ಸಾಗಿಸಲು, ಕೇಸು ಅಕೌಂಟ್ ಇದ್ದವರ ಮೇಲೆ ಬೀಳುತ್ತದೆ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಆಮೇಲೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ.

ಕೊನೆಗೆ ಆ ಸಂಖ್ಯೆಯ ವಿಷಯ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರದಂತೆ ಬರೆಯಬೇಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. "ಆಂತರಿಕ ದೂರು ಸಮಿತಿಗೆ ಕಳೆದ ಮೂರು ವರ್ಷ, ವರ್ಷವಾರು ಬಂದ ದೂರುಗಳ ಸಂಖ್ಯೆ, ಇತ್ಯರ್ಥವಾದ ಸಂಖ್ಯೆ, ಸಮಿತಿಯ ಈಗಿನ ಸದಸ್ಯರ ಪಟ್ಟಿ, ಸಮಿತಿ ಸಭೆ ಸೇರಿದ ದಿನಾಂಕಗಳನ್ನು ಕೊಡಿ" ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು. ಸಭೆಯ ದಿನಾಂಕಗಳನ್ನು ಬಿಡದೆ ಕೇಳಿ. ದೂರು ಸೊನ್ನೆ, ಸಭೆಯೂ ಸೊನ್ನೆ ಎಂದು ಬಂದರೆ ಆ ಕಾಗದ ಹಿಡಿದು ಬೇರೆ ಪೋಷಕರ ಜೊತೆ ಕುಲಪತಿಗಳನ್ನು ಭೇಟಿ ಮಾಡಿ. ಮಗಳ ಹೆಸರು ಮುಂದೆ ಬರುತ್ತದೆ ಎಂಬ ಅಳುಕಿದ್ದರೆ ಅರ್ಜಿಯನ್ನು ಬೇರೆ ಯಾರ ಹೆಸರಲ್ಲಾದರೂ ಹಾಕಿಸಬಹುದು, ಯಾಕೆ ಬೇಕು ಎಂದು ಅವರು ಕೇಳುವಂತಿಲ್ಲ.

ಬರೆಯಲು ತೊಡಕಾದರೆ ಕುಷ್ಟಗಿ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಅಲ್ಲಿ ಉಚಿತ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.